ಅಪ್ಪ ಹಿಮ್ಮುಖವಾಗಿ ಇಳಿದ ಇಳಿಜಾರು

ನಾನು ಡಿಗ್ರಿ ಮಾಡುವುದು ಆಗದ ಮಾತು ಎಂದವರು ಮೂರ್ತಿಯವರು, ಜಪಾನಿನ ಕೋಬೆಯಲ್ಲಿ ಅಪ್ಪ ಕೆಲಸಕ್ಕಿದ್ದ ಬಟ್ಟೆ ಗೋಡೌನಿನ ಮ್ಯಾನೇಜರು. ಇವತ್ತಿಗೂ ನೋವಿಗೆ ಅಂಟಿಸುವ ಪಟ್ಟಿಯ ಕರ್ಪೂರದ ಘಾಟು ಮೂಗಿಗೆ ಬಡಿದರೆ ಮೊದಲು ಅಪ್ಪನ ಮೊಣಕಾಲುಗಳು, ಆಮೇಲೆ ಆ ಮಾತು ನೆನಪಾಗುತ್ತದೆ.

ಬೆಂಗಳೂರಿನಲ್ಲಿ ಫುಟ್‌ಬಾಲ್ ಆಡುವುದಕ್ಕೇ ಸಂಬಳ ಕೊಡಲು ಶುರುಮಾಡಿದ ಮೊದಮೊದಲ ವರ್ಷಗಳಲ್ಲಿ ಅಪ್ಪ ಸ್ಟಾಪರ್ ಆಗಿದ್ದ. ಗೋಲಿನ ಮುಂದೆ ಗೋಡೆಯಂತೆ ನಿಲ್ಲುವ ಕೆಲಸ. ಮೂಗು ಒಡೆದಾಗ ಹತ್ತಿ ತುರುಕಿಕೊಂಡು ಆಟ ಮುಗಿಸಿದವನನ್ನು ಮೊಣಕಾಲು ಹೋದಾಗ ಕ್ಲಬ್ಬಿನವರು ಮನೆಗೆ ಕಳಿಸಿದರು. ಅದೇ ಕಾಲಲ್ಲಿ ಕೋಬೆಗೆ ಬಂದು ಬಟ್ಟೆಯ ಥಾನು ಹೊತ್ತ. ನಮ್ಮ ಎರಡು ಕೋಣೆಯ ಮನೆ ಗುಡ್ಡದ ಮೇಲಿತ್ತು. ಹತ್ತುವಾಗ ಸಲೀಸು, ಇಳಿಯುವಾಗಲೇ ಮೊಣಕಾಲು ಚುಚ್ಚುತ್ತಿತ್ತು. ಅದಕ್ಕೇ ಬೆಳಿಗ್ಗೆ ಹಿಮ್ಮುಖವಾಗಿ ಇಳಿಯುತ್ತಿದ್ದ, ಬೆನ್ನು ಸಮುದ್ರದ ಕಡೆ, ಮುಖ ನನ್ನ ಕಡೆ. ನಾನು ಎದುರಿಗೆ ಪಾಠ ಒಪ್ಪಿಸುತ್ತ ನಡೆಯುತ್ತಿದ್ದೆ. ಆ ಜಪಾನಿ ಅವನಿಗೆ ಅರ್ಥವಾಗುತ್ತಿರಲಿಲ್ಲ, ನಾನು ತಡವರಿಸಿದ್ದು ಮಾತ್ರ ಗೊತ್ತಾಗುತ್ತಿತ್ತು. "ಇನ್ನೊಂದ್ಸಲ," ಎನ್ನುತ್ತಿದ್ದ. ಪಕ್ಕದ ಮನೆಯ ಮೋರಿ-ಸಾನ್ ನಕ್ಕರೆ, "ಸ್ಟಾಪರ್ ಬೆನ್ನು ತೋರ್ಸಲ್ಲ ಅಂತ ಹೇಳೇ ಅವರಿಗೆ," ಎಂದು ನನ್ನ ಕೈಲಿ ಹೇಳಿಸುತ್ತಿದ್ದ.

ಇಸವಿ ಎರಡು ಸಾವಿರಕ್ಕೆ ಕಂಪ್ಯೂಟರುಗಳೆಲ್ಲ ಕೈಕೊಡುತ್ತವೆಂದು, ಅವನ್ನು ಸರಿಪಡಿಸಲು ಬೆಂಗಳೂರಿನ ಹುಡುಗರು ತಂಡತಂಡವಾಗಿ ಬಂದಿಳಿಯುತ್ತಿದ್ದ ಕಾಲ ಅದು. ಭಾನುವಾರ ಮೂರ್ತಿಯವರ ಮನೆಯಲ್ಲಿ ಅವರಿಗೆಲ್ಲ ಬಿಸಿಬೇಳೆಬಾತು, ಬಡಿಸುವುದಕ್ಕೆ ನಾವು. ಒಂದು ಭಾನುವಾರ ಅವರೆಲ್ಲರ ಎದುರಿಗೇ ಮೂರ್ತಿಯವರು ಹೇಳಿದರು:

"ಇವರದು ತಲೆ, ನಿಂದು ಕಾಲು ಕಣಯ್ಯ. ಕಾಲಲ್ಲಿ ದುಡಿದೋರ ಮನೇಲಿ ಡಿಗ್ರಿ ಹುಟ್ಟಲ್ಲ. ಹೈಸ್ಕೂಲ್ ಮುಗಿದ ಮೇಲೆ ಹುಡುಗೀನ ಪ್ಯಾಕಿಂಗಿಗೆ ಹಾಕು."

ಹುಡುಗರು ನಕ್ಕರು. ಅಪ್ಪ ಕೈಲಿದ್ದ ಪಾತ್ರೆ ಕೆಳಗಿಟ್ಟು ನನ್ನ ಮುಂದೆ ಬಂದು ನಿಂತ.

"ಅವಳು ಓದ್ತಾಳೆ ಸಾರ್. ತಡೀಬೇಕಂದ್ರೆ ಮೊದ್ಲು ನನ್ನ ದಾಟಿ."

ನಾನು ಓದಿದೆ. ಸಂಜೆ ಕೊಂಬಿನಿಯಲ್ಲಿ, ಹಗಲುರಾತ್ರಿ ತೆರೆದಿರುವ ಅಂಗಡಿಯಲ್ಲಿ, ನಿಂತು ದುಡಿದು, ಬೆಳಿಗ್ಗೆ ಅದೇ ಇಳಿಜಾರಿನಲ್ಲಿ ಒಪ್ಪಿಸಿ ಓದಿದೆ. ಯಾರ ದಯೆಯಿಂದಲೂ ಅಲ್ಲ.

ಈಗ ಗುಡ್ಡದ ಮೇಲಿನ ನಮ್ಮ ಮನೆಯ ಜಾಗದಲ್ಲಿ ಕಾರು ನಿಲ್ಲಿಸುತ್ತಾರೆ. ಅಪ್ಪನೂ ಇಲ್ಲ. ನಿಮಗೂ ಹೀಗೆ ಎದುರು ಮುಖ ಮಾಡಿ ನಡೆದವರು ಒಬ್ಬರಿದ್ದರೆ, ಅವರು ಹೋದ ಮೇಲೆ ದಾರಿ ಎಷ್ಟು ಬೋಳು ಎಂಬುದು ನಿಮಗೆ ಗೊತ್ತು.

ನಾನು ಪದವಿ ಪಡೆದ ದಿನ ಅಪ್ಪ ಇದ್ದ. ಗುಡ್ಡದ ಮೇಲಿನ ಕಾಲೇಜಿನ ಗೇಟಿನ ಹೊರಗೆ ಪ್ರಮಾಣಪತ್ರವನ್ನು ಅಪ್ಪನಿಗೆ ಕೊಟ್ಟೆ. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ತೆಗೆದುಕೊಂಡ. ಎದೆಗವಚಿಕೊಂಡು, ನನ್ನನ್ನೇ ನೋಡುತ್ತ, ಹಿಮ್ಮುಖವಾಗಿ ಇಳಿಯತೊಡಗಿದ.

"ಮೂರ್ತಿ ಸಾರಿಗೆ ಹೇಳ್ಬೇಕು," ಎಂದ. "ಯಾರೂ ದಾಟ್ಲಿಲ್ಲ ಅಂತ."