ನಾಲ್ಕು ಗಂಟೆಯ ಅಭ್ಯರ್ಥಿ

ಆ ಕ್ಲಬ್ಬಿನ ಹೆಸರು ನಾನು ಹೇಳುವುದಿಲ್ಲ. ಹೆದರಿಕೆಯಿಂದಲ್ಲ, ಅವರಿಗೆ ಪುಕ್ಕಟೆ ಪ್ರಚಾರ ಬೇಡ ಅಂತ. ಪಶ್ಚಿಮ ಲಂಡನ್ನಿನ ಅಂಚಿನಲ್ಲಿರುವ ಒಂದು ವೃತ್ತಿಪರ ಫುಟ್ಬಾಲ್ ಕ್ಲಬ್ ಅಂದರೆ ಸಾಕು. ಎಳೆಯ ಆಟಗಾರರನ್ನು ತಯಾರು ಮಾಡುವ ಅದರ ಅಕಾಡೆಮಿಯಲ್ಲಿ ಕೋಚ್ ಕೆಲಸವೊಂದು ಖಾಲಿ ಬಿದ್ದು, ನನ್ನ ಅಣ್ಣನನ್ನು ಸಂದರ್ಶನಕ್ಕೆ ಕರೆದಿದ್ದರು. ಕಳೆದ ದಶಕದ ಕೊನೆಯ ಮಾತು. ಆಗ ಹೊಸದಾಗಿ ಒಂದು ನಿಯಮ ಬಂದಿತ್ತು: ಕೋಚ್ ಹುದ್ದೆಗೆ ಅರ್ಜಿ ಹಾಕಿದವರಲ್ಲಿ ಅರ್ಹರಾದ ಕಪ್ಪು ಅಥವಾ ಏಷ್ಯನ್ ಮೂಲದವರಿದ್ದರೆ ಅವರಲ್ಲಿ ಒಬ್ಬರನ್ನಾದರೂ ಸಂದರ್ಶನಕ್ಕೆ ಕರೆಯಲೇಬೇಕು. ಕರೆಯಬೇಕು, ಅಷ್ಟೆ. ಕೊಡಬೇಕು ಅಂತ ಎಲ್ಲೂ ಇಲ್ಲ.

ಈ ನಿಯಮದ ವಿರುದ್ಧ ಮಾತಾಡಿ ನಾನು ಒಂದು ಕಪ್ ಗೆದ್ದಿದ್ದೆ. ಅಕ್ಸ್‌ಬ್ರಿಡ್ಜ್‌ನ ವಿಶ್ವವಿದ್ಯಾಲಯದಲ್ಲಿ ಓದುತ್ತ ಅಲ್ಲಿನ ಚರ್ಚಾಕೂಟದಲ್ಲಿದ್ದೆ. ನನ್ನ ವಾದ ಸರಳವಾಗಿತ್ತು. ಮನೆಗೆ ಕರೆದು ಹೊಸ್ತಿಲಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸುವುದು ಕರೆಯದೇ ಇರುವುದಕ್ಕಿಂತ ಕೆಟ್ಟದ್ದು. ಕರೆಯದವನ ಮೇಲೆ ಸಿಟ್ಟಾದರೂ ಮಾಡಬಹುದು, ಕರೆದವನಿಗೆ ಥ್ಯಾಂಕ್ಸ್ ಹೇಳಬೇಕಾಗುತ್ತದೆ. ತೀರ್ಪುಗಾರರು ನಕ್ಕರು, ಕಪ್ ಕೊಟ್ಟರು. ಅದನ್ನು ಅಮ್ಮ ಕಿಂಗ್ಸ್‌ಬರಿಯ ಮನೆಯಲ್ಲಿ ಟಿವಿ ಪಕ್ಕ ಇಟ್ಟಳು. ಅದರ ಎದುರಿಗೇ ಕುಳಿತು ಅಣ್ಣ ಸಂದರ್ಶನದ ಪತ್ರವನ್ನು ಎರಡು ಸಲ ಓದಿದ.

"ನಿನ್ನ ನಿಯಮ ನನ್ನನ್ನ ಕರೆದಿದೆ ನೋಡು" ಅಂದ.

"ನನ್ನ ನಿಯಮ ಅಲ್ಲ. ಅದರ ವಿರುದ್ಧ ಮಾತಾಡಿದ್ದು ನಾನು."

"ಹಾಗಾದ್ರೆ ಹೋಗ್ಬೇಡ ಅಂತೀಯಾ?"

ಹೋಗಬೇಡ ಅನ್ನಲು ಆಗಲಿಲ್ಲ. ಅಣ್ಣ ಹೌನ್ಸ್ಲೋದಲ್ಲಿ ಒಂದು ಫ್ಲ್ಯಾಟಿನಲ್ಲಿದ್ದು, ವಿಮಾನ ನಿಲ್ದಾಣದ ಸರಕಿನ ಗೋದಾಮಿನಲ್ಲಿ ಕೆಲಸ ಮಾಡುತ್ತಿದ್ದ. ಎಂಟು ವರ್ಷದಿಂದ ಪ್ರತಿ ಶನಿವಾರ, ಭಾನುವಾರ ಅಲ್ಲಿನ ಪಾರ್ಕಿನಲ್ಲಿ ಮಕ್ಕಳಿಗೆ ಫುಟ್ಬಾಲ್ ಕಲಿಸುತ್ತಿದ್ದ. ರಜೆ ಉಳಿಸಿ ಉಳಿಸಿ ಕೋಚಿಂಗ್ ಲೈಸೆನ್ಸ್ ಒಂದೊಂದೇ ಮೆಟ್ಟಿಲು ಹತ್ತಿದ್ದ. ಈಗ ಗೋದಾಮಿನವರು ಸೂಪರ್‌ವೈಸರ್ ಮಾಡುತ್ತೇವೆ ಅಂದಿದ್ದರು, ಆದರೆ ಶನಿವಾರ ಭಾನುವಾರ ಕಡ್ಡಾಯ ಪಾಳಿ. ಕ್ರಿಸ್‌ಮಸ್ ಒಳಗೆ ಸಹಿ ಮಾಡಬೇಕು. ಸಹಿ ಮಾಡಿದರೆ ಪಾರ್ಕೂ ಇಲ್ಲ, ಮಕ್ಕಳೂ ಇಲ್ಲ. "ಇದು ಆಗ್ಲಿಲ್ಲ ಅಂದ್ರೆ ಸಹಿ ಹಾಕಿಬಿಡ್ತೀನಿ" ಅಂತ ಅವನು ಹೇಳಿದ ರೀತಿ ನನಗೆ ಹಿಡಿಸಲಿಲ್ಲ. ತುಂಬಾ ಶಾಂತವಾಗಿ ಹೇಳಿದ.

ಸಂದರ್ಶನಕ್ಕೆ ಅವನು ತನ್ನ ನೋಟ್‌ಬುಕ್ ತೆಗೆದುಕೊಂಡು ಹೋದ. ಎಂಟು ವರ್ಷದ ಅಭ್ಯಾಸಗಳೆಲ್ಲ ಅದರಲ್ಲಿದ್ದವು. ಮುಖ್ಯವಾದದ್ದು ಲಗೋರಿ. ನಮ್ಮಪ್ಪ ಕಿಂಗ್ಸ್‌ಬರಿಯ ಉಡುಪಿ ಹೋಟೆಲಿನಲ್ಲಿ ಅಡುಗೆ ಮಾಡುವವರು. ರಜೆಯ ದಿನ ನಮ್ಮನ್ನು ಪಾರ್ಕಿಗೆ ಕರೆದೊಯ್ದು ಹಂಚಿನ ಚೂರುಗಳನ್ನು ಪೇರಿಸಿ ಲಗೋರಿ ಆಡಿಸುತ್ತಿದ್ದರು. ಅಣ್ಣ ಅದನ್ನೇ ಫುಟ್ಬಾಲಿಗೆ ತಂದ. ಮೈದಾನದಲ್ಲಿ ಗುರುತಿಗೆ ಇಡುವ ಚಪ್ಪಟೆ ಪ್ಲಾಸ್ಟಿಕ್ ಬಿಲ್ಲೆ ಏಳು. ಒಂದು ತಂಡ ಚೆಂಡು ಒದ್ದು ಅದನ್ನು ಕೆಡವಬೇಕು, ಮತ್ತೆ ಪೇರಿಸಬೇಕು. ಎದುರಿನವರು ತಮ್ಮತಮ್ಮಲ್ಲೇ ಚೆಂಡು ಸಾಗಿಸುತ್ತ ಬಂದು ಪೇರಿಸುವವರ ಮೊಣಕಾಲ ಕೆಳಗೆ ಹೊಡೆಯಬೇಕು. ಚೆಂಡು ಸಿಕ್ಕ ಕೂಡಲೇ ಒಟ್ಟಾಗಿ ಮುನ್ನುಗ್ಗುವುದನ್ನು, ಚೆಂಡು ಕಳೆದುಕೊಂಡವನು ಕೂಡಲೇ ಹಿಂದಕ್ಕೆ ಓಡಿ ಕಾಯುವುದನ್ನು ಮಕ್ಕಳು ನಗುನಗುತ್ತ ಕಲಿಯುತ್ತಿದ್ದರು.

"ನೋಟ್‌ಬುಕ್ ಪೂರ್ತಿ ಕೊಡಬೇಡ, ಮೂರು ಪುಟ ಜೆರಾಕ್ಸ್ ಮಾಡಿ ಕೊಡು" ಅಂತ ನಾನು ಹೇಳಿದ್ದೆ.

"ನೀನ್ ಸುಮ್ನಿರು ಮಾರಾಯ್ತಿ. ಅದು ಇಂಟರ್‌ವ್ಯೂ, ಕೋರ್ಟ್ ಅಲ್ಲ."

ಅಮ್ಮ ತನ್ನ ಪಾಲಿನದನ್ನು ಮಾಡಿದಳು. ಹಿಂದಿನ ದಿನವೇ ಅಕ್ಕಿ ನೆನೆಸಿ, ತೆಂಗಿನಕಾಯಿ ಬೆಲ್ಲ ಹಾಕಿ ಹಾಲುಬಾಯಿ ಮಾಡಿ, ವಜ್ರಾಕಾರಕ್ಕೆ ಕತ್ತರಿಸಿ, ಅಪ್ಪನ ಹೆಸರನ್ನು ಚುಕ್ಕಿಚುಕ್ಕಿಯಾಗಿ ಕೆತ್ತಿಸಿದ್ದ ಸ್ಟೀಲ್ ಡಬ್ಬಿಯಲ್ಲಿ ತುಂಬಿಕೊಟ್ಟಳು. ಕೆಲಸ ಕೇಳುವವನು ಸಿಹಿ ಒಯ್ದರೆ ಇಲ್ಲಿ ಲಂಚ ಅಂದುಕೊಳ್ಳುತ್ತಾರೆ ಅಂತ ನಾನು ವಾದ ಮಾಡಿದೆ. "ಬರಿಗೈಯಲ್ಲಿ ಹೋಪುಕಾಗ" ಅಂದಳು, ಮುಗಿಯಿತು. ಕುಂದಾಪುರದ ಮಾತಿನಲ್ಲಿ ಅಮ್ಮ ಒಂದು ಸಲ ಹೇಳಿದ್ದಕ್ಕೆ ಮರುಪ್ರಶ್ನೆ ಇಲ್ಲ. ನನ್ನ ಚರ್ಚಾಕೂಟದಲ್ಲಿ ಅಂಥ ಒಬ್ಬರನ್ನೂ ನಾನು ಎದುರಿಸಿಲ್ಲ.

ಗುರುವಾರ ನಾಲ್ಕು ಗಂಟೆಗೆ ಸಂದರ್ಶನ. ಐದಕ್ಕೆ ಮುಂಚೆಯೇ ಅಣ್ಣನ ಫೋನು ಬಂತು.

"ಹೇಗಾಯ್ತು?"

"ಗುಡ್. ವೆರಿ ನೈಸ್ ಪೀಪಲ್. ನೋಟ್‌ಬುಕ್ ಇಟ್ಕೊಂಡ್ರು, ನಿಧಾನಕ್ಕೆ ಓದ್ತಾರಂತೆ."

"ಪೂರ್ತಿ ಕೊಟ್ಟೆಯಾ?"

"ಕೇಳಿದ್ರಲ್ಲ" ಅಂದ. ಎರಡೂ ಕೈಯಲ್ಲಿ ಹಿಡಿದು ಕೊಟ್ಟಿರುತ್ತಾನೆ. ನೋಡದೆಯೇ ಹೇಳಬಲ್ಲೆ.

ವಾರದ ನಂತರ ನಾಲ್ಕು ಸಾಲಿನ ಈಮೇಲ್ ಬಂತು. ತುಂಬಾ ಬಲವಾದ ಅಭ್ಯರ್ಥಿಗಳಿದ್ದರು, ಶುಭವಾಗಲಿ. ಅಣ್ಣ ಗೋದಾಮಿನ ಪತ್ರಕ್ಕೆ ಸಹಿ ಮಾಡಲಿಲ್ಲ, ಇನ್ನೂ ಟೈಮ್ ಇದೆಯಲ್ಲ ಅಂದ. ಸಿಟ್ಟಾದವಳು ಅಮ್ಮ.

"ಕೆಲ್ಸ ಕೊಡ್ದಿದ್ರೆ ಬ್ಯಾಡ. ಡಬ್ಬಿ ಕೊಡುಕೆ ಎಂತ ರೋಗ ಅವ್ರಿಗೆ? ತಿಂದ್ಕಂಡ್ ಕೂತಿದ್ರಲ್ಲ. ಹೆಣ್ಣೇ, ನೀ ಹೋಯ್ ತಕಂಡ್ ಬಾ."

ಹೀಗೆ ಅಕ್ಟೋಬರ್ ಕೊನೆಯ ಒಂದು ಶನಿವಾರ ಬೆಳಿಗ್ಗೆ ಎರಡು ಬಸ್ ಬದಲಾಯಿಸಿ ಒಂದು ಸ್ಟೀಲ್ ಡಬ್ಬಿಗಾಗಿ ನಾನು ಆ ಅಕಾಡೆಮಿಗೆ ಹೋದೆ. ಸ್ವಾಗತ ಕೌಂಟರಿನ ಹುಡುಗಿಗೆ ಡಬ್ಬಿಯ ಕಥೆ ಅರ್ಥವಾಗಲಿಲ್ಲ. ಆದರೆ ಅವಳ ಬೆನ್ನ ಹಿಂದಿನ ಪುಟ್ಟ ಅಡುಗೆಕೋಣೆಯ ಬಾಗಿಲು ತೆರೆದಿತ್ತು, ಕೆಟಲಿನ ಪಕ್ಕ ಅಪ್ಪನ ಹೆಸರು ಹೊಳೆಯುತ್ತಿತ್ತು. ಡಬ್ಬಿಯ ತುಂಬ ಟೀ ಬ್ಯಾಗು.

"ಅದೇ" ಅಂದೆ.

"ಅದು ಕ್ಲಬ್ಬಿನದು ಅಲ್ವಾ?"

"ಮುಚ್ಚಳದ ಮೇಲೆ ಬರೆದಿರೋದು ನಮ್ಮ ತಂದೆಯ ಹೆಸರು."

ಅವಳು ಬಗ್ಗಿ ಆ ಕನ್ನಡ ಅಕ್ಷರಗಳನ್ನು ನೋಡಿ, "ಅದು ಡಿಸೈನ್ ಅಂದುಕೊಂಡಿದ್ದೆ" ಅಂದಳು. ಅಕಾಡೆಮಿಯ ಮುಖ್ಯಸ್ಥರನ್ನು ಕೇಳದೆ ಕೊಡಲಾಗದು, ಅವರು ಮೈದಾನದಲ್ಲಿದ್ದಾರೆ ಎಂದಳು. ನಾನು ಕಿಟಕಿಯತ್ತ ತಿರುಗಿದೆ.

ಮೈದಾನದಲ್ಲಿ ಏಳು ಬಿಲ್ಲೆಗಳು ಒಂದರ ಮೇಲೊಂದು ನಿಂತಿದ್ದವು. ಹುಡುಗನೊಬ್ಬ ಚೆಂಡು ಒದ್ದ, ಬಿಲ್ಲೆಗಳು ಚೆದುರಿದವು, ಮಕ್ಕಳು ಪೇರಿಸಲು ಓಡಿದರು. ಹೊಸ ಕೋಚ್, ಅಣ್ಣನಿಗೆ ಸಿಗದ ಕೆಲಸ ಸಿಕ್ಕವನು, ಒಂದು ಕೈಯಲ್ಲಿ ಸೀಟಿ ಹಿಡಿದಿದ್ದ. ಇನ್ನೊಂದು ಕೈಯಲ್ಲಿ ನನಗೆ ಚೆನ್ನಾಗಿ ಗೊತ್ತಿದ್ದ ನೀಲಿ ರಟ್ಟಿನ ನೋಟ್‌ಬುಕ್. ಅವನ ಪಕ್ಕ ಮುಖ್ಯಸ್ಥ ನಿಂತು ಮೆಚ್ಚಿಗೆಯಿಂದ ತಲೆಯಾಡಿಸುತ್ತಿದ್ದ.

ನಾನು ಡಬ್ಬಿ ಬಿಟ್ಟು ಬಂದೆ. ಆ ಕ್ಷಣದಲ್ಲಿ ನನಗೆ ಡಬ್ಬಿ ಬೇಕಿರಲಿಲ್ಲ. ಅದು ಅಲ್ಲೇ ಇರುವುದು ಬೇಕಿತ್ತು.

ನಮ್ಮ ಬಗ್ಗೆ ಒಂದು ಸಂಸ್ಥೆ ಏನೇನು ಬರೆದಿಟ್ಟಿದೆ ಎಂದು ಕೇಳಿ ಪಡೆಯುವ ಹಕ್ಕು ಈ ದೇಶದ ಕಾನೂನಿನಲ್ಲಿದೆ. ಸಾಮಾನ್ಯವಾಗಿ ತಿಂಗಳೊಳಗೆ ಕೊಡಬೇಕು. ಪತ್ರ ನಾನೇ ಬರೆದೆ. "ಇಲ್ಲಿ ಸಹಿ ಮಾಡು, ಅಮ್ಮನ ಡಬ್ಬಿ ವಿಷಯ" ಅಂದೆ ಅಣ್ಣನಿಗೆ. ಅವನು ಓದದೆ ಸಹಿ ಮಾಡಿದ. ಲಗೋರಿ ನೋಡಿದ್ದನ್ನು ಹೇಳಲಿಲ್ಲ. ಅವನಿಗೆ ಮೋಸ ಮಾಡಿದೆ ಎಂದು ಯಾರಾದರೂ ವಾದಿಸಿದರೆ ಆ ಅಂಶವನ್ನು ನಾನು ಬಿಟ್ಟುಕೊಡುತ್ತೇನೆ.

ನವೆಂಬರ್ ಮುಗಿಯುವಾಗ ಕಾಗದಗಳು ಬಂದವು. ಸಂದರ್ಶನದ ನಮೂನೆಯಲ್ಲಿ 'ಸಾಮರ್ಥ್ಯಗಳು' ಎಂಬ ಜಾಗದಲ್ಲಿ ಎರಡೇ ಮಾತು: ಸೌಜನ್ಯವಂತ, ಸಿಹಿ ತಂದಿದ್ದರು. ಕೆಳಗೆ, 'ನಿಯಮದ ಅಗತ್ಯ ಪೂರೈಸಿದೆ' ಎಂಬಲ್ಲಿ ಟಿಕ್. ಅದರ ಜೊತೆ ಸಂದರ್ಶನದ ದಿನ ಬೆಳಿಗ್ಗೆ ಮುಖ್ಯಸ್ಥ ತನ್ನ ಸಹಾಯಕನಿಗೆ ಬರೆದ ಈಮೇಲ್: ನಾಲ್ಕು ಗಂಟೆಯವರು ನಿಯಮಕ್ಕಾಗಿ, ಇಪ್ಪತ್ತು ನಿಮಿಷ ಸಾಕು, ಆಯ್ಕೆಯಾದವರಿಗೆ ಕೆಲಸದ ಪತ್ರ ಮಂಗಳವಾರವೇ ಹೋಗಿದೆ.

ಮಂಗಳವಾರ. ಅಮ್ಮ ಅಕ್ಕಿ ನೆನೆಸಿದ್ದು ಬುಧವಾರ.

ಚರ್ಚೆ ಕಲಿತವರಿಗೆ ಸಿಟ್ಟನ್ನು ಎತ್ತಿಡುವುದು ಗೊತ್ತಿರುತ್ತದೆ. ಡಿಸೆಂಬರಿನ ಮೊದಲ ವಾರ ನಮ್ಮ ವಿಶ್ವವಿದ್ಯಾಲಯದಲ್ಲಿ ಇದೇ ನಿಯಮದ ಮೇಲೆ ಬಹಿರಂಗ ಚರ್ಚೆ ಇಟ್ಟಿದ್ದೆವು. ಪರವಾಗಿ ಮಾತಾಡಲು ಒಂದು ಕ್ಲಬ್ಬಿನವರನ್ನು ಕರೆಯಬೇಕು ಎಂದಾಗ ಯಾವ ಕ್ಲಬ್ ಎಂದು ಸೂಚಿಸಿದವಳು ನಾನು. ಮುಖ್ಯಸ್ಥ ಸಂತೋಷದಿಂದ ಒಪ್ಪಿಕೊಂಡ. ವಿರೋಧ ಪಕ್ಷದಲ್ಲಿ ನಾನು. ಇನ್ನೂರು ಜನರಿರಬಹುದು, ಮುಂದಿನ ಸಾಲಿನಲ್ಲಿ ಸ್ಥಳೀಯ ಪತ್ರಿಕೆಯವರೊಬ್ಬರು.

ಆತ ಚೆನ್ನಾಗಿಯೇ ಮಾತಾಡಿದ. ನನ್ನ ಸರದಿ ಬಂದಾಗ ಭಾಷಣ ಮಾಡಲಿಲ್ಲ, ಪ್ರಶ್ನೆ ಕೇಳಿದೆ. ಎದುರಾಳಿಯಿಂದ ಮೊದಲು ಮೂರು ಸಣ್ಣ ಹೌದು ಹೊರಡಿಸಬೇಕು ಎಂದು ನಮಗೆ ಕಲಿಸಿದ್ದರು.

"ಎಲ್ಲ ಅಭ್ಯರ್ಥಿಗಳಿಗೂ ಸಮಾನ ಸಮಯ ಕೊಡುತ್ತೀರಾ?"

"ಖಂಡಿತ."

"ತೀರ್ಮಾನ ಮಾಡುವುದು ಕೊನೆಯ ಸಂದರ್ಶನ ಮುಗಿದ ಮೇಲೆ?"

"ಮತ್ತೆ ಹೇಗೆ ಮಾಡಲಿಕ್ಕಾಗುತ್ತೆ?"

"ಅಭ್ಯರ್ಥಿ ತಂದ ವಸ್ತುಗಳನ್ನು ವಾಪಸ್ ಕೊಡುತ್ತೀರಾ? ನೋಟ್‌ಬುಕ್, ಡಬ್ಬಿ, ಅಂಥದ್ದು."

ಸಭೆ ನಕ್ಕಿತು. ಆತನೂ ನಕ್ಕ. "ನಾವು ಕಳ್ಳರಲ್ಲ" ಅಂದ.

ಆಮೇಲೆ ನಾನು ಕಾಗದ ತೆಗೆದೆ. ಅಣ್ಣನ ಹೆಸರು ಬಿಟ್ಟು ಉಳಿದದ್ದನ್ನೆಲ್ಲ ನಿಧಾನವಾಗಿ ಓದಿದೆ. ಈಮೇಲನ್ನು ಎರಡು ಸಲ. ಡಬ್ಬಿಯಲ್ಲಿ ಈಗ ಟೀ ಬ್ಯಾಗ್ ಇವೆ ಎಂಬುದನ್ನೂ ಹೇಳಿದೆ. ಆತನ ಕುತ್ತಿಗೆ ಕಾಲರಿನಿಂದ ಮೇಲಕ್ಕೆ ಕೆಂಪಾಗುತ್ತ ಹೋಯಿತು. ಕಿವಿ ತಲುಪುವ ತನಕ ಕಾದು, ಕುಳಿತುಕೊಂಡೆ. ಅಷ್ಟು ರುಚಿಯಾದ ಮೌನವನ್ನು ನಾನು ಮತ್ತೆ ಕೇಳಿಲ್ಲ.

ಆ ದಿನ ಗೆದ್ದದ್ದೂ ನನ್ನ ಪಕ್ಷವೇ. ಆದರೆ ಬಸ್ಸಿನಲ್ಲಿ ಬರುವಾಗ ನನ್ನ ಹಳೆಯ ವಾದದಲ್ಲೊಂದು ತೂತು ಕಂಡಿತು. ನಿಯಮ ಇಲ್ಲದಿದ್ದರೆ ಅವರು ಅಣ್ಣನನ್ನು ಕರೆಯುತ್ತಲೇ ಇರಲಿಲ್ಲ, ಏನನ್ನೂ ಬರೆಯುತ್ತಲೂ ಇರಲಿಲ್ಲ. ಅದು ಕೆಲಸ ಕೊಡಲಿಲ್ಲ, ಸಾಕ್ಷಿ ಕೊಟ್ಟಿತು. ಇದನ್ನು ನಾನು ಕಪ್ ಕೊಟ್ಟವರಿಗೆ ಇನ್ನೂ ಹೇಳಿಲ್ಲ.

ಪತ್ರಿಕೆಯಲ್ಲಿ ಸುದ್ದಿ ಬಂದ ದಿನ ಅಣ್ಣ ಕಿಂಗ್ಸ್‌ಬರಿಗೆ ಬಂದ. ಕೋಟು ತೆಗೆಯಲಿಲ್ಲ.

"'ಸಿಹಿ ತಂದಿದ್ದರು.' ಅದನ್ನ ಇನ್ನೂರು ಜನರ ಮುಂದೆ ಓದಿದೆಯಾ?"

"ನಿನ್ನ ಹೆಸರು ಹೇಳಿಲ್ಲ."

"ಹೌನ್ಸ್ಲೋದಲ್ಲಿ ಹಾಲುಬಾಯಿ ತಗೊಂಡು ಇಂಟರ್‌ವ್ಯೂಗೆ ಹೋಗೋ ಕೋಚ್ ಎಷ್ಟು ಜನ ಇದಾರೆ?"

ಅಕಾಡೆಮಿಯಲ್ಲಿ ಲಗೋರಿ ಆಡಿಸುತ್ತಿದ್ದುದನ್ನು ಆಗ ಹೇಳಿದೆ. ಅವನು ಸಿಟ್ಟಾಗುತ್ತಾನೆ ಅಂದುಕೊಂಡೆ. ಅವನು ಕೇಳಿದ್ದು ಒಂದೇ: "ಬಿಲ್ಲೆ ಕೆಡವಿದ ಮೇಲೆ ಕೆಡವಿದವನು ಹಿಂದಕ್ಕೆ ಓಡಿದ್ನಾ, ಅಲ್ಲೇ ನಿಂತಿದ್ನಾ?"

"ಅಲ್ಲೇ ನಿಂತಿದ್ದ."

"ತಪ್ಪು ಕಲಿಸ್ತಿದಾರೆ" ಅಂದ. ಕುಳಿತ. ಕೋಟು ತೆಗೆದ.

ನಾಲ್ಕು ದಿನದಲ್ಲಿ ಕ್ಲಬ್ಬಿನ ಮೇಲಿನವರು ಫೋನ್ ಮಾಡಿದರು. ಕ್ಷಮೆ ಕೇಳಿದರು. ಹನ್ನೆರಡು ವರ್ಷದೊಳಗಿನವರಿಗೆ ಒಬ್ಬ ಕೋಚ್ ಬೇಕು, ವಾರದಲ್ಲಿ ಎರಡು ಸಂಜೆ ಮತ್ತು ಶನಿವಾರ, ಬರುತ್ತೀರಾ ಎಂದರು. ಮುಖ್ಯಸ್ಥ ಮುಖ್ಯಸ್ಥನಾಗಿಯೇ ಉಳಿದಿದ್ದ. ನಾನು ರಾತ್ರೋರಾತ್ರಿ ಅಲ್ಲ, ಮೂರು ದಿನ ಕುಳಿತು ಅಣ್ಣನ ಪರವಾಗಿ ಒಂದು ನಿರಾಕರಣೆಯ ಪತ್ರ ಬರೆದೆ. ಒಂದೂವರೆ ಪುಟ. ಪ್ರತಿ ವಾಕ್ಯ ಮುಳ್ಳು. ನಾನು ಬರೆದದ್ದರಲ್ಲೆಲ್ಲ ಶ್ರೇಷ್ಠವಾದದ್ದು ಅದೇ.

ಅಣ್ಣ ಗಮನವಿಟ್ಟು ಓದಿದ. "ತುಂಬಾ ಚೆನ್ನಾಗಿದೆ" ಅಂದ. ಆಮೇಲೆ ಹಾಳೆ ಮಗುಚಿ, ಹಿಂಬದಿಯಲ್ಲಿ ಏಳು ಸಣ್ಣ ಗೆರೆ ಎಳೆದು, ಕೆಡವಿದವನು ಎತ್ತ ಓಡಬೇಕೆಂದು ಬಾಣ ಹಾಕತೊಡಗಿದ.

"ನಿನಗೆ ಮಾನ ಇಲ್ವಾ?" ಅಂದೆ.

"ಇದೆ. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಮೈದಾನನೂ ಇದೆ. ಸೂಪರ್‌ವೈಸರ್ ಕೆಲಸ ಬೇಡ ಅಂತ ಗೋದಾಮಿಗೆ ಹೇಳ್ಬಿಟ್ಟೆ."

ಮೊದಲ ದಿನವೇ ಮುಖ್ಯಸ್ಥ ಅವನ ಕೈಗೆ ನೋಟ್‌ಬುಕ್ ಕೊಟ್ಟ, ರಟ್ಟಿನ ಮೇಲೆ ಕಾಫಿ ಲೋಟದ ಗುರುತು. ಡಬ್ಬಿಯನ್ನೂ ಕೊಟ್ಟ, ತೊಳೆದು, ಒಳಗೆ ಬಿಸ್ಕತ್ತು ತುಂಬಿ. ಯಾರು ಹೇಳಿಕೊಟ್ಟರೋ ಗೊತ್ತಿಲ್ಲ. ಅಮ್ಮ ಮುಚ್ಚಳ ತೆರೆದು ನೋಡಿದಳು. "ಖಾಲಿ ಕಳ್ಸಲಿಲ್ಲ ಅಲ್ದಾ" ಅಂದಳು. ಅಷ್ಟಕ್ಕೇ ಅವಳ ಲೆಕ್ಕ ಚುಕ್ತಾ.

ನನ್ನದು ಆಗಿರಲಿಲ್ಲ. ಪ್ರತಿ ಶನಿವಾರ ನಾನು ಆ ಮೈದಾನಕ್ಕೆ ಹೋಗತೊಡಗಿದೆ. ಗೆರೆಯಾಚೆ ತಂದೆತಾಯಂದಿರು ನಿಲ್ಲುವ ಕಡೆ ಅಲ್ಲ, ಮುಖ್ಯಸ್ಥನ ಎದುರು ಬದಿಯಲ್ಲಿ, ಆತ ತಲೆ ಎತ್ತಿದರೆ ನಾನೇ ಕಾಣುವಂಥ ಜಾಗದಲ್ಲಿ. ಅಣ್ಣ ಕಲಿಸುವುದನ್ನು ನೋಡಲು ಬಂದೆ ಎಂದು ಆತನಾಗಲೀ ಅಣ್ಣನಾಗಲೀ ತಿಳಿದುಕೊಳ್ಳಲಿಲ್ಲ.

ಹೊಸ ವರ್ಷದ ನಂತರ ಅಮ್ಮ ಮತ್ತೆ ಹಾಲುಬಾಯಿ ಮಾಡಿ ಅದೇ ಡಬ್ಬಿಯನ್ನು ನನ್ನ ಕೈಗಿಟ್ಟಳು.

"ಅವ್ರ ದೊಡ್ಡೋರಿಗೆ ಕೊಡ್. ಬಿಸ್ಕತ್ತ್ ಕಳ್ಸಿದ್ರಲ್ಲ, ಪಾಪ."

"ಕೊಡ್ತೀನಿ" ಅಂದೆ.

ಆ ಶನಿವಾರ ಹುಲ್ಲಿನ ಮೇಲೆ ಬಿಳಿ ಇಬ್ಬನಿ ಇತ್ತು. ಅಣ್ಣನ ಹುಡುಗರು ಬಿಲ್ಲೆ ಕೆಡವಿದರು, ಕೆಡವಿದವನು ಸರಿಯಾಗಿ ಹಿಂದಕ್ಕೆ ಓಡಿದ. ಮುಖ್ಯಸ್ಥ ನನ್ನ ಕೈಯಲ್ಲಿದ್ದ ಡಬ್ಬಿಯನ್ನು ಗುರುತಿಸಿದ. ಸ್ವಲ್ಪ ನಕ್ಕ, ಎರಡು ಹೆಜ್ಜೆ ಮುಂದೆಯೂ ಬಂದ. ನಾನು ಮುಚ್ಚಳ ತೆರೆದೆ. ಕೈಗವಸು ಕಳಚಿದೆ. ಒಂದನ್ನು ಎತ್ತಿ ಬಾಯಿಗಿಟ್ಟುಕೊಂಡು ಆತನನ್ನೇ ನೋಡುತ್ತ ತಿಂದೆ. ಆತ ನಿಂತ. ಹನ್ನೆರಡು ತುಂಡುಗಳಿದ್ದವು. ಐದನೆಯದಕ್ಕೆ ಹೊಟ್ಟೆ ತುಂಬಿತು, ಎಂಟನೆಯದಕ್ಕೆ ಬೆಲ್ಲ ಗಂಟಲಲ್ಲಿ ಅಂಟಿತು. ಆತ ಗಡಿಯಾರ ನೋಡಿಕೊಳ್ಳುವಂತೆ ಮಾಡಿ ಬೇರೆ ಮೈದಾನದತ್ತ ಹೋಗುವ ತನಕ, ಹನ್ನೆರಡನ್ನೂ ತಿಂದೆ.

ಮನೆಗೆ ಬಂದಾಗ ಅಮ್ಮ ಡಬ್ಬಿ ಅಲ್ಲಾಡಿಸಿ ನೋಡಿದಳು.

"ಅಷ್ಟೂ ತಿಂದ್ರಾ?"

"ಒಂದೂ ಉಳಿಸಲಿಲ್ಲ" ಅಂದೆ.