ಅನಂತರಾಜು ಮೇಷ್ಟ್ರ ನಿರಾಕ್ಷೇಪಣೆ

ಶೆಟ್ಟಿಹಳ್ಳಿಯ ಕಾಲೇಜೊಂದರಲ್ಲಿ ಇಪ್ಪತ್ತನಾಲ್ಕು ವರ್ಷದಿಂದ ಪಿ.ಟಿ. ಮೇಷ್ಟ್ರಾಗಿದ್ದು ಇನ್ನೂ ಖಾಯಂ ಆಗದ ಅನಂತರಾಜು ಅವರಿಗೆ ಒಂದೇ ಒಂದು ಅಧಿಕಾರವಿತ್ತು. ಅದೂ ಕಾಲೇಜಿನೊಳಗಲ್ಲ, ಅಲ್ಲಿ ಸ್ಟ್ಯಾಂಡಿನಲ್ಲಿ ಯಾರ ಸ್ಕೂಟರ್ ಅಡ್ಡ ನಿಂತರೂ ಪ್ರಿನ್ಸಿಪಾಲರು ಕೂಗುತ್ತಿದ್ದದ್ದು ಇವರನ್ನೇ. ಯಲಹಂಕದಿಂದ ಚಿಕ್ಕಬಾಣಾವರದವರೆಗಿನ ಹತ್ತು ಕಾಲೇಜುಗಳ ಮಹಿಳಾ ಕಬಡ್ಡಿ ಕೂಟಕ್ಕೆ ಅವರು ಗೌರವ ಕಾರ್ಯದರ್ಶಿ. ಕೂಟ ಬಿಟ್ಟು ಹೋಗುವ ಕಾಲೇಜು ಕಾರ್ಯದರ್ಶಿಯಿಂದ ನಿರಾಕ್ಷೇಪಣಾ ಪತ್ರ ಪಡೆಯಲೇಬೇಕೆಂದು ಬೈಲಾದಲ್ಲಿತ್ತು. ಆ ನಿಯಮ ಬರೆದವರೂ ಅವರೇ. ಕೂಟ ಶುರುವಾದ ಹನ್ನೆರಡು ವರ್ಷದಲ್ಲಿ ಯಾರೂ ಬಿಟ್ಟು ಹೋಗದ ಕಾರಣ ಅಧಿಕಾರ ಬಳಸದೆ ಹೊಸದಾಗಿಯೇ ಉಳಿದಿತ್ತು.

ಪಂದ್ಯಗಳನ್ನು ಅಕ್ಬರ್ ಪಾಷಾ ತಮ್ಮ ಕೇಬಲ್ ಚಾನೆಲಿನಲ್ಲಿ ನೇರಪ್ರಸಾರ ಮಾಡುತ್ತಿದ್ದರು. ಲೇಔಟ್ ಮಾಡುವವರು, ಚಿನ್ನದಂಗಡಿಯವರು ಜಾಹೀರಾತು ಕೊಡುತ್ತಿದ್ದರು. ಪ್ರಸಾರದ ಹಕ್ಕಿಗೆಂದು ಪಾಷಾ ಕೊಟ್ಟ ಹಣ ಹತ್ತು ಪಾಲಾಗುತ್ತಿತ್ತು. ತಮ್ಮ ಕಾಲೇಜಿನ ಪಾಲಿನಿಂದ ಮೇಷ್ಟ್ರು ಪ್ರತಿ ವರ್ಷ ಒಬ್ಬ ಆಟಗಾರ್ತಿಯ ಫೀಸು ಕಟ್ಟುತ್ತಿದ್ದರು. ಈಗ ಅವಳು ನಯನಾ. ಬಿಕಾಂ ಎರಡನೇ ವರ್ಷ ಮುಗಿಸಿದವಳು, ಎಡಗಡೆಯಿಂದ ನುಗ್ಗಿದರೆ ಇಬ್ಬರನ್ನು ಮುಟ್ಟದೆ ಹಿಂದಿರುಗದ ರೇಡರ್. ತಾಯಿ ಮುನಿವೆಂಕಟಮ್ಮ ಪಕ್ಕದಲ್ಲೇ ಇದ್ದ ಸಿಂಗಾಪುರವೆಂಬ ಹಳ್ಳಿಯ ಹೊಸ ಅಪಾರ್ಟ್‌ಮೆಂಟುಗಳಲ್ಲಿ ಮನೆಗೆಲಸ ಮಾಡುತ್ತಿದ್ದರು. ಪಾಲು ಬಂದರೆ ಮೂರನೇ ವರ್ಷ ಉಂಟು, ಬರದಿದ್ದರೆ ಓದು ಅಲ್ಲಿಗೆ ನಿಂತಿತು.

ಜೂನ್ ತಿಂಗಳಲ್ಲಿ ಯಲಹಂಕದ ಮೂರು ದೊಡ್ಡ ಕಾಲೇಜುಗಳ ಪರವಾಗಿ ಜಯಂತ್ ಎಂಬ ಕ್ರೀಡಾ ಡೀನ್ ಬಂದರು. ಹಣ್ಣಿನ ಬುಟ್ಟಿ, ಮೈಸೂರು ಪೇಟ, ಶಾಲು, ಫೋಟೋಗ್ರಾಫರ್ ಸಮೇತ.

"ಸರ್, ರಾಜ್ಯಮಟ್ಟದ ಹೊಸ ಲೀಗ್ ಆಗ್ತಿದೆ. ಮೊಬೈಲ್ ಆ್ಯಪ್‌ನವ್ರು ಪ್ರಸಾರಕ್ಕೆ ತಗೊಂಡಿದಾರೆ. ನಿಮ್ಮಂಥ ಹಿರಿಯರು ಗೌರವ ಸಲಹೆಗಾರರಾಗ್ಲಿಲ್ಲ ಅಂದ್ರೆ ಹೆಂಗೆ?"

"ನಂಗ್ಯಾಕ್ರೀ ಅದೆಲ್ಲ," ಎಂದರು ಮೇಷ್ಟ್ರು, ಪೇಟ ಸರಿಯಾಗಿ ಕೂರಲೆಂದು ತಲೆ ಬಗ್ಗಿಸುತ್ತ.

ಫೋಟೋ ಆದ ಮೇಲೆ ಜಯಂತ್ ಮೂರು ನಿರಾಕ್ಷೇಪಣಾ ಪತ್ರ ಮುಂದಿಟ್ಟರು. ಸಲಹೆಗಾರರ ಕಾಲೇಜನ್ನೇ ಬಿಟ್ಟು ಲೀಗ್ ಮಾಡುತ್ತಾರೆಯೇ? ಕೇಳುವುದೇ ಸಣ್ಣತನವೆಂದು ಮೇಷ್ಟ್ರು ಕೇಳಲಿಲ್ಲ. ಮೂರಕ್ಕೂ ಸಹಿ ಹಾಕಿ, ಸೀಲು ನೆಟ್ಟಗೆ ಬಿದ್ದಿಲ್ಲವೆಂದು ಒಂದಕ್ಕೆ ಎರಡು ಸಲ ಒತ್ತಿದರು.

ಆಗಸ್ಟಿನಲ್ಲಿ ಹೊಸ ಲೀಗಿನ ಪಟ್ಟಿ ಬಂತು. ಹನ್ನೆರಡು ಕಾಲೇಜುಗಳಲ್ಲಿ ಶೆಟ್ಟಿಹಳ್ಳಿ ಇರಲಿಲ್ಲ. ಫೋನಿನಲ್ಲೂ ಜಯಂತ್ ಮರ್ಯಾದೆ ಬಿಡಲಿಲ್ಲ. "ಒಳಾಂಗಣ ಕೋರ್ಟ್ ಇರೋರನ್ನ ಮಾತ್ರ ಆ್ಯಪ್‌ನವ್ರು ತಗೊಂಡ್ರು ಸರ್. ನೀವು ಸಲಹೆ ಕೊಡಿ, ಕಮಿಟಿ ಮುಂದೆ ಇಡ್ತೀನಿ."

ಈ ವರ್ಷ ಪ್ರಸಾರವಿಲ್ಲವೆಂದು ಪಾಷಾ ಹೇಳಿಕಳಿಸಿದಾಗ ಮೇಷ್ಟ್ರು ಅವರ ಆಫೀಸಿಗೆ ಓಡಿದರು. "ಇನ್ನೂ ಏಳು ಕಾಲೇಜು ಇದೆಯಲ್ಲ ಪಾಷಾ. ಆಟ ಅದೇ ತಾನೆ?"

"ಆಟ ಅದೇ ಸರ್. ಆ ಮೂರು ಕಾಲೇಜಿನ ಮಕ್ಕಳ ಅಪ್ಪ ಅಮ್ಮ ಸೈಟ್ ತಗೊಳ್ಳೋ ಪಾರ್ಟಿಗಳು. ನಮ್ ಹುಡುಗೀರ ಮನೆಯವ್ರು ಬಾಡಿಗೆ ಕಟ್ಟೋರು. ಲೇಔಟಿನವ್ರು ಯಾರಿಗೋಸ್ಕರ ಜಾಹೀರಾತು ಕೊಡ್ತಾರೆ?"

"ಅರ್ಧನಾದ್ರೂ ಕೊಡಿ."

"ಕ್ಯಾಮೆರಾ ಬಾಡಿಗೆಗೇ ದುಡ್ಡಿಲ್ಲ ಸರ್. ಒಂದ್ ಮಾತ್ ಕೇಳ್ಲಾ? ನೀವು ಬರ್ಕೊಡದೆ ಅವ್ರು ಹೋಗೋ ಹಾಗೇ ಇರ್ಲಿಲ್ವಂತೆ. ಒಂದ್ ವರ್ಷ ತಡೆದಿದ್ರೂ ಸಾಕಿತ್ತು. ಯಾಕ್ ಬರ್ಕೊಟ್ರಿ?"

ಮೇಷ್ಟ್ರಿಗೆ ಉತ್ತರ ಗೊತ್ತಿತ್ತು. ಅದು ಮನೆಯ ಬೀರುವಿನಲ್ಲಿ, ಪೇಟದ ಪಕ್ಕ, ಮಡಚಿಟ್ಟ ಹಾಗೇ ಇತ್ತು. "ಕ್ರೀಡೆ ಬೆಳೀಲಿ ಅಂತ," ಎಂದರು.

ಪಾಷಾ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿರುತ್ತಿತ್ತು.

ಫೀಸು ತಾವೇ ಕಟ್ಟೋಣವೆಂದರೆ ಮೇಷ್ಟ್ರ ಸಂಬಳ ಬರುತ್ತಿದ್ದದ್ದು ಮೂರು ತಿಂಗಳಿಗೊಮ್ಮೆ. ಪ್ರಿನ್ಸಿಪಾಲರ ಬಳಿ ಗಡುವು ಕೇಳಿದರು. ಹದಿನೈದು ದಿನ ಸಿಕ್ಕಿತು, ಕಳೆದೂ ಹೋಯಿತು. ಮಾರನೆಯ ದಿನ ನಸುಕಿಗೇ ಸಿಂಗಾಪುರದಲ್ಲಿದ್ದ ನಯನಾಳ ಮನೆಗೆ ಹೋದರು. ಮುನಿವೆಂಕಟಮ್ಮ ಬೈಯಲಿಲ್ಲ, ಕುರ್ಚಿ ಒರೆಸಿ ಕೊಟ್ಟರು. ನಯನಾ ಸೂಪರ್ ಮಾರ್ಕೆಟ್ಟಿನ ಹಳದಿ ಟೀ ಶರ್ಟ್ ತೊಟ್ಟು ಹೊರಟಿದ್ದಳು.

"ಫೀಸಿಗೆ ಇನ್ನೊಂದು ದಾರಿ ನೋಡ್ತೀನಮ್ಮ. ಪ್ರಾಕ್ಟೀಸ್ ಮಾತ್ರ ಬಿಡ್ಬೇಡ. ನಾಳೆ ಬೆಳಿಗ್ಗೆ ಆರಕ್ಕೆ ಬಾ."

"ಆರಕ್ಕೆ ಡ್ಯೂಟಿಗೆ ಹೊರಡ್ಬೇಕು ಸರ್." ಅವರ ಮುಖ ನೋಡಿ ಆಮೇಲೆ ಸೇರಿಸಿದಳು, "ಭಾನುವಾರ ನೋಡ್ತೀನಿ. ರಜಾ ಕೊಟ್ರೆ."

ಭಾನುವಾರ ಮೇಷ್ಟ್ರು ಬೆಳಕು ಹರಿಯುವ ಮೊದಲೇ ಮೈದಾನದಲ್ಲಿ ಸುಣ್ಣದ ಗೆರೆ ಎಳೆದು ಕಾದರು. ಹತ್ತು ಗಂಟೆಗೆ ಕ್ರಿಕೆಟ್ ಆಡುವವರು ಬಂದು, "ಸರ್, ನಿಮ್ದು ಮುಗೀತಾ?" ಎಂದರು.

ಮೇಷ್ಟ್ರು ಗೆರೆಗಳನ್ನು ತಾವೇ ಕಾಲಿನಿಂದ ಅಳಿಸಿ ಕೊಟ್ಟರು.