ಮಣೆಯ ಮೇಲಿಟ್ಟ ಪಿಸ್ತೂಲು

ದೆವ್ವ, ಗಾಳಿ, ಪೀಡೆ ಎಂದು ನನ್ನೆದುರು ಬಾಯಿಬಿಟ್ಟವರನ್ನು ನಾನು ಯಾವತ್ತೂ ಮರ್ಯಾದೆ ಉಳಿಸಿ ಕಳಿಸಿದವಳಲ್ಲ. ಹೊರದೇಶದ ಕೆಂಟ್ ಎಂಬ ಊರಿನಲ್ಲಿ ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ನನ್ನದು ತಪಾಸಣೆಯ ಕೆಲಸ. ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ವಾಪಸ್ ಕಳಿಸುತ್ತೇನೆ. ಕಣ್ಣಿಗೆ ಕಂಡದ್ದು, ಅಳತೆಗೆ ಸಿಕ್ಕಿದ್ದು, ಅಷ್ಟೇ ನಿಜ ಎಂದು ನಂಬಿದ್ದೆ. ಕೆಲವು ವರ್ಷಗಳ ಹಿಂದೆ ಅಕ್ಕನ ಮನೆಯಲ್ಲಿ ಆದದ್ದು ಮಾತ್ರ ಇವತ್ತಿಗೂ ಯಾವ ಅಳತೆಗೂ ಕೂರುತ್ತಿಲ್ಲ. ನಂಬುವುದೂ ಬಿಡುವುದೂ ನಿಮಗೆ ಸೇರಿದ್ದು.

ಅಕ್ಕ, ಭಾವ ಇರುವುದು ಅಲ್ಲೇ ಹತ್ತಿರದ ಶೋರ್‌ಲೈನ್ ಊರಿನಲ್ಲಿ, ಇಬ್ಬರೇ. ಭಾವನಿಗೆ ಯುದ್ಧಕಾಲದ ಬಂದೂಕುಗಳನ್ನು ಕೂಡಿಹಾಕುವ ಹುಚ್ಚು. ಆ ವರ್ಷ ಎರಡನೇ ಮಹಾಯುದ್ಧದ ಒಂದು ಜಪಾನಿ ಪಿಸ್ತೂಲು ತಂದರು. ಸತ್ತ ಸೈನಿಕನ ಸೊಂಟದಿಂದ ಬಿಚ್ಚಿಕೊಂಡದ್ದಂತೆ, ಆ ಕತೆಯಿಂದಲೇ ಅದಕ್ಕೆ ಬೆಲೆ ಜಾಸ್ತಿಯಂತೆ! ಥೂ, ಹೆಣದ ಮೈಮೇಲಿನ ಒಡವೆ ಮಾರಿದ ಹಾಗಾಯಿತು ಎಂದು ಅವರ ಮುಖಕ್ಕೇ ಅಂದಿದ್ದೆ. ಮೊದಲಿನಿಂದಲೂ ನನಗೂ ಅವರಿಗೂ ಎಣ್ಣೆ ಸೀಗೆಕಾಯಿ.

ಅದು ಮನೆಗೆ ಕಾಲಿಟ್ಟಾಗಿನಿಂದ, ಸತ್ತವನ ವಸ್ತು ಎಂಬ ಭಯಕ್ಕೆ ಅಕ್ಕನಿಗೆ ನಿದ್ದೆಯಿಲ್ಲ. "ಅದಾದ್ರೂ ಇರ್ಲಿ, ನಾನಾದ್ರೂ ಇರ್ತೀನಿ. ಎರಡೂ ಆಗಲ್ಲ" ಎಂದು ಪಟ್ಟು ಹಿಡಿದಳು. ತಿಂಗಳುಗಟ್ಟಲೆ ಜಗಳವಾಡಿ ಭಾವ ಮಾರಲು ಒಪ್ಪಿದರು. ಆಯುಧಪೂಜೆಯ ದಿನ ಮಧ್ಯಾಹ್ನ ಒಬ್ಬ ಸಂಗ್ರಾಹಕ ಅದನ್ನು ನೋಡಲು ಬರುವವನಿದ್ದ. ಈ ಮಾರಾಟವೊಂದು ಆಗಲಿ ಎಂದು ಅಕ್ಕ ಹರಕೆ ಹೊತ್ತಿದ್ದಳು.

"ಎಲ್ರೂ ಕಾರಿಗೆ, ಲ್ಯಾಪ್‌ಟಾಪ್‌ಗೆ ಪೂಜೆ ಮಾಡ್ತಾರೆ. ನಮ್ಮನೇಲಿ ನಿಜವಾದ ಆಯುಧ ಇದೆ, ಹೋಗೋ ಮುಂಚೆ ಒಂದಿನ ಪೂಜೆಗಿಡೋಣ" ಎಂದು ಬೆಳಿಗ್ಗೆ ಭಾವನ ಹೊಸ ವರಾತ. ಅಕ್ಕ ಮುಟ್ಟಲಾರೆ ಎಂದಳು. ಪೂಜೆ ನನ್ನ ತಲೆಗೆ ಬಂತು.

"ಮೊದ್ಲು ಬಿಚ್ಚಿ ತೋರ್ಸಿ" ಎಂದೆ. ಭಾವ ಹಿಡಿಯೊಳಗಿನ, ಗುಂಡು ತುಂಬುವ ಮ್ಯಾಗಜಿನ್ ತೆಗೆದು ಪಕ್ಕಕ್ಕಿಟ್ಟು, ಹಿಂಬದಿಯ ಗುಂಡಿ ಹಿಡಿದೆಳೆದರು. ನಾನು ಕೆಲಸದ ಟಾರ್ಚ್ ಬಿಟ್ಟು ಒಳಗೆ ನೋಡಿದೆ. ಬೆಳಕು ಕೊಳವೆಯ ಆ ತುದಿಗೆ ಹೋಗಿ ಬಿತ್ತು. ಮ್ಯಾಗಜಿನ್ನೂ ಖಾಲಿ, ಒಳಗೂ ಖಾಲಿ. ಆ ಜಾತಿಯ ಗುಂಡು ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದೂ ಇಲ್ಲ, ಮನೆಯಲ್ಲಿ ಒಂದೂ ಇರಲಿಲ್ಲ. ಪಿಸ್ತೂಲನ್ನು ಪೂಜೆಯ ಮಣೆಯ ಮೇಲಿಟ್ಟೆ. ಕಾರಿನ ಕೀಗೆ, ಸ್ಪ್ಯಾನರಿಗೆ, ಅಕ್ಕನ ಈಳಿಗೆಮಣೆಗೆ ಕುಂಕುಮ ಹಚ್ಚಿದ ಕೈ ಪಿಸ್ತೂಲಿಗೂ ಒದ್ದೆ ಕುಂಕುಮ ಇಟ್ಟಿತು. ಆಮೇಲೆ ಮಣೆಯ ಎದುರೇ ಕೂತು ಹೂ ಕಟ್ಟುತ್ತಿದ್ದೆ. ಬಾಗಿಲ ಗಂಟೆ ಬಾರಿಸುವವರೆಗೆ ಎದ್ದಿಲ್ಲ, ಯಾರೂ ಹತ್ತಿರ ಬಂದಿಲ್ಲ.

ಬಂದವನು ಗಂಟುಮುಖದ ಎತ್ತರದ ಮುದುಕ. ಕೈಮುಗಿದರೆ ಆ ಕಡೆ ತಿರುಗಿಯೂ ನೋಡಲಿಲ್ಲ. ಭಾವನಿಗೆ ಒಂದು ಚಾಳಿ. ಬಂದವರಿಗೆಲ್ಲ ಪಿಸ್ತೂಲನ್ನು ಗೋಡೆಗೆ ಗುರಿ ಹಿಡಿದು ಟಕ್ ಎನಿಸಿ, ಟ್ರಿಗರ್ ಎಷ್ಟು ನಯವಾಗಿದೆ ನೋಡಿ ಎನ್ನಬೇಕು. ಅವತ್ತೂ ಎತ್ತಿ ಹಿಡಿದರು. ತೆಳು ಗೋಡೆಯ ಆಚೆ ಅಡುಗೆಮನೆಯಲ್ಲಿ ಅಕ್ಕ ವಡೆ ಕರಿಯುತ್ತಿದ್ದಳು.

"ನಿಲ್ಲಿಸಿ! ಏನದು ಕೆಂಪಗೆ ಬಳಿದಿದ್ದೀರಿ?" ಮುದುಕ ಗುಡುಗಿದ. ಲೋಹದ ಮೂಲ ಬಣ್ಣ ಇದ್ದಂತೆ ಇದ್ದರೆ ಮಾತ್ರ ಇಂಥವಕ್ಕೆ ಬೆಲೆಯಂತೆ, ಒಂದು ಕಲೆ ಬಿದ್ದರೂ ಕೆಟ್ಟಿತಂತೆ.

ಭಾವ ನನ್ನ ಮೇಲೆ ಹರಿಹಾಯ್ದರು. "ಕುಂಕುಮ ಹಚ್ಚು ಅಂತ ಯಾರು ಹೇಳಿದ್ದು ನಿಂಗೆ?"

"ಪೂಜೆಗಿಟ್ಟು ಕುಂಕುಮ ಬೇಡ ಅಂದ್ರೆ? ನಂಗೇನು ಕನಸು ಬಿದ್ದಿತ್ತಾ?" ನಾನೂ ಬಿಡಲಿಲ್ಲ.

ಅಷ್ಟರಲ್ಲಿ ಮುದುಕ ಪಿಸ್ತೂಲು ಕಿತ್ತುಕೊಂಡು, ಕುಂಕುಮ ಒಳಗೆ ಹೋಗಿದೆಯೇ ನೋಡಲು ಹಿಂಬದಿಯ ಗುಂಡಿ ಎಳೆದ. ಒಂದು ಗುಂಡು ಹಾರಿ ಟಣ್ಣೆಂದು ನೆಲಕ್ಕೆ ಬಿತ್ತು. ಹಸಿರು ಕಿಲುಬು ಹಿಡಿದ ಹಳೆಯ ಗುಂಡು.

ಅಡುಗೆಮನೆಯಲ್ಲಿ ಎಣ್ಣೆಯ ಸದ್ದು ಕೇಳುತ್ತಿತ್ತು. ಮುದುಕ ನಮ್ಮೆಲ್ಲರನ್ನೂ ಶಪಿಸಿ ಹೊರಟುಹೋದ. "ನೀನೇ ಇಟ್ಟಿದೀಯ, ಮನೆಹಾಳಿ!" ಎಂದರು ಭಾವ. ನನಗೂ ಅವರ ಮೇಲೇ ಅನುಮಾನ ಬಂತು. ಆದರೆ ಅವರ ಕಣ್ಣು ಅಕ್ಕ ನಿಂತಿದ್ದ ಕಡೆಯ ಆ ಗೋಡೆಯನ್ನು ಬಿಟ್ಟು ಕದಲಲಿಲ್ಲ. ಅವರು ಇಟ್ಟಿರಲಿಲ್ಲ. ಅವರ ಬಗ್ಗೆ ನಾನು ಹೇಳುವ ಒಳ್ಳೆಯ ಮಾತು ಇದೊಂದೇ.

ಮರುದಿನವೇ ಭಾವ ಪಿಸ್ತೂಲನ್ನೂ ಗುಂಡನ್ನೂ ಪೊಲೀಸರಿಗೆ ಒಪ್ಪಿಸಿದರು. ಅಕ್ಕನ ಹಟ ಗೆದ್ದಿತು. ನನಗೆ ಆ ಮನೆಯ ಬಾಗಿಲು ಮುಚ್ಚಿತು.

ಹೋದ ತಿಂಗಳು ಅಕ್ಕ ನನ್ನ ಮನೆಗೆ ಬಂದವಳು, ಇಷ್ಟು ವರ್ಷ ಕೇಳದ ಮಾತು ಕೇಳಿದಳು. "ನಿಜ ಹೇಳೇ, ನಾನು ಬೈಕೊಳಲ್ಲ. ಅದನ್ನ ತೊಲಗಿಸೋಕೆ ನೀನೇ ಗುಂಡು ಇಟ್ಟಿದ್ದೆ, ಅಲ್ವಾ?" ಅವಳ ಕಣ್ಣಲ್ಲಿ ಕೋಪವಿರಲಿಲ್ಲ, ಹೌದು ಅನ್ನಲಿ ಎಂಬ ಆಸೆಯಿತ್ತು.

"ಇಲ್ಲ ಅಕ್ಕ" ಎಂದೆ.

ಅವಳು ನನ್ನ ಕೈ ಬಿಗಿಯಾಗಿ ಹಿಡಿದುಕೊಂಡಳು. ಹೌದು ಎಂದು ಒಂದು ಸುಳ್ಳು ಹೇಳಿಬಿಡಬೇಕಿತ್ತು. ಅವಳಾದರೂ ನಿದ್ದೆ ಮಾಡುತ್ತಿದ್ದಳು.